ಪ್ರಿಂಟರ್ ಇರುವಾಗ ಕೈಯಿಂದ ಯಾಕೆ ಅಚ್ಚು ಹಾಕಬೇಕು?

ಮಸಿಬೆರಳು:

ಕೈಯಚ್ಚಿನ ಕೆಲಸ ಮಾಡುವವರನ್ನೆಲ್ಲ ಈ ಪ್ರಶ್ನೆ ಬೆನ್ನು ಹತ್ತುತ್ತದೆ. “ಇಷ್ಟೆಲ್ಲ ಕೆತ್ತಿ, ಮಸಿ ಬಳಿದು, ಒತ್ತಿ ಒದ್ದಾಡುವ ಬದಲು ಚಿತ್ರ ಬಿಡಿಸಿ, ಸ್ಕ್ಯಾನ್ ಮಾಡಿ, ಪ್ರಿಂಟ್ ತೆಗೆದರೆ ಆಗಲ್ವಾ?” ನಾನು ಲಿನೋ, ಅಂದರೆ ಲಿನೋಲಿಯಂ ಹಾಳೆ, ಕೆತ್ತುವವಳು. “ಕೈಕೆಲಸದ ಬೆಲೆಯೇ ಬೇರೆ” ಅಂತ ಹೇಳಿ ಜಾರಿಕೊಳ್ಳಬಹುದು. ಆದರೆ ಆ ಉತ್ತರ ನನಗೇ ಒಪ್ಪಿಗೆಯಾಗುವುದಿಲ್ಲ. ಕೈಯಿಂದ ಮಾಡಿದ್ದು ಅನ್ನುವ ಒಂದೇ ಕಾರಣಕ್ಕೆ ಯಾವುದೂ ಚೆನ್ನಾಗಿಬಿಡುವುದಿಲ್ಲ. ಕೆಟ್ಟ ಲಿನೋಕಟ್‌ಗಳೂ ಬೇಕಾದಷ್ಟಿವೆ.

ನನಗೆ ಹೊಳೆದದ್ದು ಇಷ್ಟು. ಪ್ರಿಂಟರ್‌ನಿಂದ ಬರುವುದು ಎಲ್ಲೋ ಇರುವ ಒಂದು ಚಿತ್ರದ ನಕಲು. ಲಿನೋದಲ್ಲಿ ಹಾಗಲ್ಲ. ಕೆತ್ತಿದ ತುಂಡಿನಲ್ಲಿ ಇರುವುದು ಬರೀ ಉಬ್ಬು ತಗ್ಗು, ಅದೂ ಎಡಬಲ ತಿರುಗಿದ್ದು. ಚಿತ್ರ ಮೊದಲ ಸಲ ಕಾಣುವುದೇ ಕಾಗದ ಎತ್ತಿದಾಗ. ಇಪ್ಪತ್ತು ಪ್ರತಿ ತೆಗೆದರೆ ಇಪ್ಪತ್ತೂ ಮೂಲಪ್ರತಿಗಳೇ. ಅವುಗಳ ಹಿಂದೆ ಇನ್ನೊಂದು “ನಿಜವಾದ” ಚಿತ್ರ ಅಂತ ಇಲ್ಲ.

ನಿಮಗೆಲ್ಲ ಏನನ್ನಿಸುತ್ತದೆ? ಮರ, ತಗಡು, ಕಲ್ಲು, ಸ್ಕ್ರೀನ್ ಪ್ರಿಂಟ್, ಯಾವುದರಲ್ಲಿ ಕೆಲಸ ಮಾಡುವವರಾದರೂ ಹೇಳಿ. ಸುಮ್ನೆ ನೋಡಿ ಖುಷಿಪಡುವವರೂ ಹೇಳಿ.

ಉಳಿಪೆಟ್ಟು:

ನಾನು ಮರದಚ್ಚಿನವನು. ನಿಮ್ಮ ಮಾತಿಗೆ ಜಪಾನಿನ ಕಲಾವಿದ ಹೊಕುಸಾಯ್‌ನ “ದೊಡ್ಡ ಅಲೆ” ಚಿತ್ರಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 1831ರ ಸುಮಾರಿನದು. ಜಪಾನಿನ ಆ ಪದ್ಧತಿಯಲ್ಲಿ ಕಲಾವಿದ ತೆಳು ಕಾಗದದ ಮೇಲೆ ಚಿತ್ರ ಬರೆದುಕೊಡುತ್ತಿದ್ದ. ಕೆತ್ತುವವನು ಅದನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಕಾಗದದ ಸಮೇತ ಕೆತ್ತಿಬಿಡುತ್ತಿದ್ದ. ಬರೆದ ಚಿತ್ರದ ಕಥೆ ಅಲ್ಲಿಗೆ ಮುಗಿಯಿತು. ಇವತ್ತು ದೊಡ್ಡ ಅಲೆಯ ಮೂಲಚಿತ್ರ ತೋರಿಸಿ ಅಂದರೆ ಯಾರೂ ತೋರಿಸಲಾರರು. ಇರುವುದೆಲ್ಲ ಅಚ್ಚುಗಳೇ, ಬೇರೆ ಬೇರೆ ಮ್ಯೂಸಿಯಂಗಳಲ್ಲಿ ಹರಡಿಕೊಂಡಿವೆ. ಮೊದಮೊದಲು ತೆಗೆದವುಗಳಲ್ಲಿ ಗೆರೆ ಚೂಪಾಗಿದೆ. ತಡವಾಗಿ ತೆಗೆದವುಗಳಲ್ಲಿ ಹಲಗೆ ಸವೆದು ಗೆರೆ ಅಲ್ಲಲ್ಲಿ ಮುರಿದಿದೆ.

ಆದರೆ ಒಂದು ತಕರಾರು. “ಕೈಯಿಂದ” ಅಂತೀವಲ್ಲ, ಯಾರ ಕೈ? ಆ ಹಲಗೆಗೆ ಹೊಕುಸಾಯ್ ಉಳಿ ಹಾಕಿದ್ದಲ್ಲ. ಕೆತ್ತಿದವನು ಬೇರೆ, ಮಸಿ ಹಚ್ಚಿ ತಿಕ್ಕಿದವನು ಬೇರೆ, ದುಡ್ಡು ಹಾಕಿದ ಪ್ರಕಾಶಕ ಬೇರೆ. ನಾವು ಹೆಸರು ಹೇಳುವುದು ಚಿತ್ರ ಬರೆದವನದ್ದು ಮಾತ್ರ.

ಇನ್ನೊಂದು ವಿಷಯ. ಮರದಲ್ಲಿ ಗೆರೆ ಎಳೆಯುವುದಿಲ್ಲ, ಗೆರೆ ಉಳಿಸುವುದು. ಪೆನ್ಸಿಲ್ಲಿನಲ್ಲಿ ಒಂದು ಸಲ ಕೈ ಆಡಿಸಿದರೆ ಗೆರೆ ಬಂತು. ಇಲ್ಲಿ ಅದರ ಆ ಕಡೆ ಒಂದು ಸೀಳು, ಈ ಕಡೆ ಒಂದು ಸೀಳು, ಆಮೇಲೆ ಸುತ್ತಲಿನ ಮರವನ್ನೆಲ್ಲ ತೆಗೆಯಬೇಕು. ಮರದ ನಾರಿನ ದಿಕ್ಕಿಗೆ ಉಳಿ ಸಲೀಸಾಗಿ ಹೋಗುತ್ತದೆ. ಅಡ್ಡ ಹೋದರೆ ಚಕ್ಕೆ ಏಳುತ್ತದೆ. 1498ರಲ್ಲಿ ಜರ್ಮನಿಯ ಕಲಾವಿದ ಡ್ಯೂರರ್ ಪ್ರಕಟಿಸಿದ ಮರದಚ್ಚಿನ ಚಿತ್ರಗಳಲ್ಲಿ ಅಡ್ಡಗೆರೆಗಳ ಬಲೆ ಇದೆ ನೋಡಿ. ಪ್ರತಿ ಬಲೆಯ ಕಣ್ಣನ್ನೂ ಯಾರೋ ಚಾಕುವಿನ ತುದಿಯಲ್ಲಿ ಕಿತ್ತು ತೆಗೆದಿದ್ದಾರೆ. ನೋಡಿದರೆ ನನ್ನ ಮಣಿಕಟ್ಟು ನೋಯುತ್ತದೆ.

ಪಿಕ್ಸೆಲ್‌ಪ್ರಿಯ:

ನಾನು ಡಿಸೈನರ್, ದಿನವಿಡೀ ಪರದೆಯ ಮುಂದೆ ಇರುವವನು. ಬೇಜಾರು ಮಾಡಿಕೊಳ್ಳಬೇಡಿ, ಇದರಲ್ಲಿ ಅರ್ಧಕ್ಕರ್ಧ ಹಳೆಯದರ ಮೋಹ ಅನ್ನಿಸುತ್ತದೆ.

ಅಚ್ಚು ಹುಟ್ಟಿದ್ದೇ ಜಾಸ್ತಿ ಪ್ರತಿ ಮಾಡುವುದಕ್ಕೆ. ತಾರೀಖು ನಮೂದಾಗಿರುವ ಅತಿ ಹಳೆಯ ಮುದ್ರಿತ ಪುಸ್ತಕ ವಜ್ರಸೂತ್ರ ಅನ್ನುವ ಚೀನಾದ ಬೌದ್ಧ ಗ್ರಂಥ. 868ನೇ ಇಸವಿಯದು, ಮರದಚ್ಚಿನದ್ದು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಕೊನೆಯಲ್ಲಿ ಏನು ಬರೆದಿದೆ ಗೊತ್ತಾ? ತಂದೆತಾಯಿಯ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಹಂಚಲು ಮಾಡಿಸಿದ್ದು ಅಂತ. ನಿಮ್ಮ ಡ್ಯೂರರ್‌ನ ಖಡ್ಗಮೃಗವನ್ನೇ ತೆಗೆದುಕೊಳ್ಳಿ, 1515. ಭಾರತದಿಂದ ಲಿಸ್ಬನ್‌ಗೆ ಹಡಗಿನಲ್ಲಿ ಹೋದ ಪ್ರಾಣಿ ಅದು. ಡ್ಯೂರರ್ ಅದನ್ನು ಕಣ್ಣಾರೆ ನೋಡಲೇ ಇಲ್ಲ. ಯಾರೋ ಬರೆದ ವಿವರ, ಒಂದು ಗೀಚುಚಿತ್ರ, ಅಷ್ಟೇ ಅವನ ಹತ್ತಿರ ಇದ್ದದ್ದು. ಮೈಮೇಲೆ ಕವಚ ತೊಡಿಸಿದ, ಬೆನ್ನ ಮೇಲೆ ಇಲ್ಲದ ಸಣ್ಣ ಕೊಂಬು ಇಟ್ಟ. ಅಚ್ಚಾಗಿ ಎಲ್ಲ ಕಡೆ ಹರಡಿದ್ದರಿಂದ ಯುರೋಪಿನ ಜನ ತಲೆಮಾರುಗಟ್ಟಲೆ ಖಡ್ಗಮೃಗ ಅಂದರೆ ಹೀಗೇ ಅಂತ ನಂಬಿದರು. ಇವತ್ತಿನ ಫಾರ್ವರ್ಡ್ ಮೆಸೇಜಿಗೂ ಅದಕ್ಕೂ ಏನು ವ್ಯತ್ಯಾಸ?

ಹೀಗಿರುವಾಗ ಹಲಗೆಯಿಂದ ನೂರಾರು ಪ್ರತಿ ಬರುವಾಗ ಇಪ್ಪತ್ತಕ್ಕೆ ನಿಲ್ಲಿಸಿ, ಪೆನ್ಸಿಲ್ಲಿನಲ್ಲಿ 7/20, ಅಂದರೆ ಇಪ್ಪತ್ತರಲ್ಲಿ ಏಳನೆಯದು, ಅಂತ ಬರೆಯುವುದು ಬೇಕೆಂದೇ ಮಾಡಿದ ಕೊರತೆ ಅಲ್ಲವೇ? ಒಳ್ಳೆಯ ಹತ್ತಿ ಕಾಗದದ ಮೇಲೆ, ಬೇಗ ಮಾಸದ ಪಿಗ್ಮೆಂಟ್ ಇಂಕಿನಲ್ಲಿ ತೆಗೆದ ಇಂಕ್‌ಜೆಟ್ ಪ್ರತಿಗೆ ಯಾಕೆ ಮೂಗು ಮುರಿಯುತ್ತೀರಿ?

ತಗಡು_ಆಸಿಡ್:

ಪಿಕ್ಸೆಲ್‌ಪ್ರಿಯ ಅವರೇ, ಖಡ್ಗಮೃಗದ ಕಥೆ ಚೆನ್ನಾಗಿ ಹೇಳಿದಿರಿ. ಆದರೆ ಕೊರತೆ ಯಾವಾಗಲೂ ನಾಟಕವಲ್ಲ. ನಾನು ತಾಮ್ರದ ತಗಡಿನಲ್ಲಿ ಕೆಲಸ ಮಾಡುತ್ತೇನೆ. ಡ್ರೈಪಾಯಿಂಟ್ ಅಂತ ಒಂದು ವಿಧಾನ ಇದೆ. ಆಸಿಡ್ ಇಲ್ಲ, ಏನಿಲ್ಲ, ಚೂಪು ಸೂಜಿಯಿಂದ ತಗಡಿನ ಮೇಲೆ ನೇರವಾಗಿ ಗೀಚುವುದು. ಗೀಚಿದಾಗ ಗೆರೆಯ ಪಕ್ಕದಲ್ಲಿ ತಾಮ್ರ ಮೇಲೆದ್ದು ಸಣ್ಣ ಏಣು ನಿಲ್ಲುತ್ತದೆ. ಮಸಿ ಹಿಡಿಯುವುದು ಮುಖ್ಯವಾಗಿ ಆ ಏಣಿನಲ್ಲಿ. ಅದಕ್ಕೇ ಡ್ರೈಪಾಯಿಂಟಿನ ಗೆರೆ ಮಖಮಲ್ಲಿನಂತೆ ಮೆತ್ತಗೆ ಕಾಣುತ್ತದೆ. ಪ್ರೆಸ್ಸಿನ ರೋಲರಿನ ಕೆಳಗೆ ಪ್ರತಿ ಸಲ ಹೋದಾಗಲೂ ಆ ಏಣು ಸ್ವಲ್ಪ ಸ್ವಲ್ಪ ಚಪ್ಪಟೆಯಾಗುತ್ತದೆ. ಕೆಲವು ಹತ್ತು ಪ್ರತಿ ಆಗುವಷ್ಟರಲ್ಲಿ ಅದರ ಸೊಗಸು ಹೋಯಿತು. ಹತ್ತೊಂಬತ್ತನೇ ಶತಮಾನದಲ್ಲಿ ತಾಮ್ರದ ಮೇಲೆ ವಿದ್ಯುತ್ತಿನಿಂದ ಕಬ್ಬಿಣದ ತೆಳು ಪದರ ಕೂರಿಸುವುದನ್ನು ಕಂಡುಕೊಂಡ ಮೇಲೆ ಸ್ವಲ್ಪ ಹೆಚ್ಚು ಬಾಳಿಕೆ ಬಂತು. ಅದಕ್ಕೆ ಮುಂಚೆ ಆ ಉಪಾಯವೂ ಇರಲಿಲ್ಲ.

ಡಚ್ ಕಲಾವಿದ ರೆಂಬ್ರಾಂಟ್ 1653ರಲ್ಲಿ ಮೂರು ಶಿಲುಬೆಗಳ ದೊಡ್ಡ ತಗಡು ಮಾಡಿದ, ಬಹುಪಾಲು ಡ್ರೈಪಾಯಿಂಟ್. ಆ ತಗಡು ಸವೆದ ಮೇಲೆ ಬಿಸಾಡಲಿಲ್ಲ. ಕೆಲವು ವರ್ಷ ಬಿಟ್ಟು ಅದನ್ನೇ ಕೆರೆದು, ಹಲವು ಜನರನ್ನು ಅಳಿಸಿ, ಹೊಸಬರನ್ನು ತಂದು, ಮೇಲಿಂದ ಕೆಳಗೆ ಒರಟು ಗೆರೆಗಳನ್ನು ಎಳೆದು ಇಡೀ ದೃಶ್ಯವನ್ನು ಕತ್ತಲಲ್ಲಿ ಮುಳುಗಿಸಿದ. ಒಂದೇ ತಗಡು, ಹೆಚ್ಚುಕಡಿಮೆ ಎರಡು ಬೇರೆ ಚಿತ್ರಗಳು. ಇದನ್ನು ಯಾವ ಅರ್ಥದಲ್ಲಿ “ಪ್ರತಿ ಮಾಡುವುದು” ಅಂತೀರಿ?

ಇಂಕ್‌ಜೆಟ್ ಬೇಡ ಅಂತಲ್ಲ. ಕಾಗದ ಮುಟ್ಟಿ ನೋಡಿ, ಸಾಕು. ತಗಡಿನ ಕೆಲಸದಲ್ಲಿ ಮಸಿಯನ್ನು ಗೆರೆಯೊಳಗೆ ತುಂಬುತ್ತೇವೆ. ಮೊದಲು ಇಡೀ ತಗಡಿಗೆ ಗಟ್ಟಿ ಮಸಿ ಮೆತ್ತುವುದು. ಆಮೇಲೆ ಗಂಜಿ ಹಾಕಿದ ಜಾಳು ಬಟ್ಟೆಯ ಉಂಡೆಯಿಂದ ಸುತ್ತಿ ಸುತ್ತಿ ಒರೆಸುವುದು. ಕೊನೆಗೆ ಅಂಗೈಗೆ ಚೂರು ಸೀಮೆಸುಣ್ಣದ ಪುಡಿ ಸವರಿಕೊಂಡು, ತಗಡಿನ ಮೇಲೆ ಹಗುರಾಗಿ ಸರ್ರನೆ ಎಳೆಯುವುದು. ಮೇಲ್ಮೈ ಹೊಳೆಯಬೇಕು, ಗೆರೆಯೊಳಗಿನ ಮಸಿ ಅಲ್ಲೇ ಇರಬೇಕು. ಜಾಸ್ತಿ ಒರೆಸಿದರೆ ಗೆರೆ ಬಡಕಲು. ಕಡಿಮೆ ಒರೆಸಿದರೆ ಚಿತ್ರವೆಲ್ಲ ಮಂಕು. ನೆನೆಸಿ ನೀರು ಹೀರಿಸಿದ ದಪ್ಪ ಕಾಗದ ಇಟ್ಟು, ಮೇಲೆ ಕಂಬಳಿ ಹಾಸಿ, ಪ್ರೆಸ್ಸಿನಲ್ಲಿ ಬಿಟ್ಟರೆ ಒದ್ದೆ ಕಾಗದ ಗೆರೆಯೊಳಗೆ ಇಳಿದು ಮಸಿಯನ್ನು ಕಚ್ಚಿಕೊಂಡು ಮೇಲೆ ಬರುತ್ತದೆ. ಒಣಗಿದ ಮೇಲೂ ಗೆರೆ ಕಾಗದದಿಂದ ಮೇಲೆ ಎದ್ದು ನಿಂತಿರುತ್ತದೆ, ಬೆರಳಿಗೆ ಸಿಗುತ್ತದೆ. ತಗಡಿನ ಅಂಚು ಒತ್ತಿದ ಚೌಕದ ಗುರುತು ಸುತ್ತ ಉಳಿಯುತ್ತದೆ. ಇದು ಚಪ್ಪಟೆ ಚಿತ್ರವೇ ಅಲ್ಲ.

ಹೊಸಬ:

ಎಲ್ಲರಿಗೂ ನಮಸ್ಕಾರ. ಚರ್ಚೆ ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಈಗಷ್ಟೇ ಲಿನೋ ಶುರು ಮಾಡಿದ್ದೇನೆ. ಕಪ್ಪು ಬರಬೇಕಾದ ಕಡೆ ತುಂಬ ಬಿಳಿ ಚುಕ್ಕೆಗಳು, ಉಪ್ಪು ಚೆಲ್ಲಿದ ಹಾಗೆ. ಮಸಿ ಜಾಸ್ತಿ ಹಾಕಿದರೆ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಪ್ರೆಸ್ ಇಲ್ಲ, ಚಮಚದಿಂದ ತಿಕ್ಕುತ್ತೇನೆ. ಇದು ನನ್ನ ಕೈಯ ದೋಷವೋ, ಸಾಮಾನಿನ ದೋಷವೋ?

ಮಸಿಬೆರಳು:

ಹೊಸಬ ಅವರೇ, ಬಾಯಿ ಹಾಕುವುದಕ್ಕೇ ಈ ಜಾಗ ಇರುವುದು.

ಮೊದಲನೆಯದು, ಶುರುವಿನ ಕೆಲವು ಪ್ರತಿ ಮಾಸಲಾಗಿ ಬಂದೇ ಬರುತ್ತವೆ. ಹೊಸ ಲಿನೋ ಮಸಿ ಹೀರಿಕೊಂಡು ಹದಕ್ಕೆ ಬರಬೇಕು. ಅವನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಪರೀಕ್ಷೆಗೆ ಅಗ್ಗದ ಕಾಗದ ಇಟ್ಟುಕೊಳ್ಳಿ.

ಎರಡನೆಯದು ಮಸಿ. ಗಾಜಿನ ಮೇಲೆ ಸ್ವಲ್ಪವೇ ಹಾಕಿ ರೋಲರ್ ಆಡಿಸಿ. ಕಣ್ಣಿಗಿಂತ ಕಿವಿ ಮುಖ್ಯ ಇಲ್ಲಿ. ಪಚಪಚ ಅಂದರೆ ಜಾಸ್ತಿಯಾಯಿತು. ಸಣ್ಣಗೆ ಚರಚರ ಅನ್ನುತ್ತಿದ್ದು, ಗಾಜಿನ ಮೇಲಿನ ಪದರ ನುಣ್ಣಗೆ ಕಾಣುತ್ತಿದ್ದರೆ ಸರಿ. ಒಂದೇ ಸಲ ದಪ್ಪ ಬಳಿಯಬೇಡಿ. ತೆಳುವಾಗಿ, ಬೇರೆ ಬೇರೆ ದಿಕ್ಕಿನಿಂದ, ಮತ್ತೆ ಮತ್ತೆ. ರೋಲರನ್ನು ಒತ್ತಬೇಡಿ. ಒತ್ತಿದರೆ ಮಸಿ ತಗ್ಗಿಗೆ ಇಳಿದು ಗೆರೆ ಮುಚ್ಚುತ್ತದೆ.

ಮೂರನೆಯದು ಕಾಗದ. ಕೈಯಿಂದ ತಿಕ್ಕುವಾಗ ದಪ್ಪ, ಒರಟು ಕಾಗದ ಬೇಡವೇ ಬೇಡ. ನುಣುಪಾದ, ತೆಳು, ಆದರೆ ಗಟ್ಟಿ ನಾರಿನ ಕಾಗದ ತೆಗೆದುಕೊಳ್ಳಿ. ನಿಮ್ಮ ಉಪ್ಪಿನ ಚುಕ್ಕೆಗೆ ಮುಕ್ಕಾಲು ಪಾಲು ಕಾರಣ ಇದೇ ಇರಬೇಕು. ಮರದ ಚಮಚ ಆದರೆ ಒಳ್ಳೆಯದು. ಸಣ್ಣ ಸಣ್ಣ ಸುತ್ತಿನಲ್ಲಿ, ಒಂದು ಮೂಲೆಯಿಂದ ಶುರು ಮಾಡಿ ಒಂದಿಂಚೂ ಬಿಡದ ಹಾಗೆ ತಿಕ್ಕಿ. ಒಂದು ಬದಿಯನ್ನು ಅಂಗೈಯಿಂದ ಒತ್ತಿ ಹಿಡಿದು, ಇನ್ನೊಂದು ಮೂಲೆ ಮೆಲ್ಲಗೆ ಎತ್ತಿ ನೋಡಬಹುದು. ಮಸಿ ಸಾಲದಿದ್ದರೆ ಎತ್ತಿದ ಭಾಗಕ್ಕಷ್ಟೇ ಮತ್ತೆ ರೋಲರ್ ಆಡಿಸಿ ಕಾಗದ ಇಳಿಸಬಹುದು. ಕಾಗದ ಕದಲಬಾರದು, ಅಷ್ಟೇ.

ಲಿನೋ ಗಟ್ಟಿಯಾಗಿದ್ದರೆ ಸ್ವಲ್ಪ ಬಿಸಿ ಮಾಡಿ. ಅಗಸೆ ಎಣ್ಣೆ, ಬೆಂಡಿನ ಪುಡಿ ಸೇರಿಸಿ ಮಾಡಿದ ವಸ್ತು ಅದು. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಮನೆಯ ನೆಲಕ್ಕೆ ಹಾಸಲು ಅಂತ ಮಾಡಿದ್ದು. ಬಿಸಿಗೆ ಮೆತ್ತಗಾಗುತ್ತದೆ. ಮತ್ತೆ ಒಂದೇ ಒಂದು ಕಟ್ಟುನಿಟ್ಟು: ಉಳಿ ಹಿಡಿಯದ ಕೈ ಯಾವತ್ತೂ ಉಳಿಯ ಹಿಂದೆ ಇರಲಿ. ಮುಂದೆ ಇಟ್ಟವರ ಕಥೆ ಇಲ್ಲಿ ಬೇಡ.

ಪಿಕ್ಸೆಲ್‌ಪ್ರಿಯ ಅವರ ಮಾತಿಗೆ: ಲಿನೋದ ಮಟ್ಟಿಗೆ ನೀವು ಹೇಳಿದ್ದು ಸರಿ, ಹಲಗೆ ಇನ್ನೂ ನೂರಾರು ಕೊಡುತ್ತದೆ. ಒಂದು ವಿಧಾನ ಬಿಟ್ಟು. ಒಂದೇ ತುಂಡಿನಲ್ಲಿ ಮೊದಲ ಬಣ್ಣ ಅಚ್ಚು ಹಾಕಿ, ಅದೇ ತುಂಡನ್ನು ಇನ್ನಷ್ಟು ಕೆತ್ತಿ ಎರಡನೇ ಬಣ್ಣ, ಮತ್ತೆ ಕೆತ್ತಿ ಮೂರನೆಯದು. ಪಿಕಾಸೋ 1950ರ ದಶಕದ ಕೊನೆಗೆ ಇದನ್ನು ಹಿಡಿದು ಪ್ರಸಿದ್ಧಿಗೆ ತಂದ. ಕೊನೆಗೆ ಹಲಗೆಯಲ್ಲಿ ಉಳಿಯುವುದು ಕಡೆಯ ಬಣ್ಣದ ಚೂರುಗಳು ಮಾತ್ರ. ಎಷ್ಟು ಪ್ರತಿ ಬೇಕು ಅಂತ ಮೊದಲೇ ತೀರ್ಮಾನ ಮಾಡಿರಬೇಕು. ಆಮೇಲೆ ಒಂದೂ ಹೆಚ್ಚಿಗೆ ತೆಗೆಯಲು ಬರುವುದಿಲ್ಲ.

ಹಳೆಮೊಳೆ:

ಅಚ್ಚುಮೊಳೆ ಜೋಡಿಸಿದ ಕೈ ಇದು. ಚಿತ್ರದವರೇ ಮಾತಾಡುತ್ತಿದ್ದೀರಿ, ಅಕ್ಷರದವರ ಪರವಾಗಿ ನಾಲ್ಕು ಮಾತು.

ಈಗ ಮೊಳೆಯಚ್ಚಿನ ಕಾರ್ಡುಗಳಿಗೆ ಬೇಡಿಕೆ ಇದೆ ಅಂತಾರಲ್ಲ, ಜನ ಅದರಲ್ಲಿ ಏನನ್ನು ಮೆಚ್ಚುತ್ತಾರೆ ಗೊತ್ತಾ? ಅಕ್ಷರ ಕಾಗದದೊಳಗೆ ಆಳವಾಗಿ ಇಳಿದಿರಬೇಕಂತೆ, ಬೆರಳಾಡಿಸಿದರೆ ಗುಂಡಿ ಸಿಗಬೇಕಂತೆ. ನಮಗೆ ಕಲಿಸಿದವರು ಅದನ್ನು ನೋಡಿದರೆ ಬೈಯುತ್ತಿದ್ದರು. ಮೊಳೆ ಕಾಗದವನ್ನು ಮುಟ್ಟಿಯೂ ಮುಟ್ಟದ ಹಾಗೆ ಮುಟ್ಟಬೇಕು, ಹಾಳೆಯ ಹಿಂದೆ ಉಬ್ಬು ಬಂದರೆ ಒತ್ತಡ ಜಾಸ್ತಿ, ಮೊಳೆ ಬೇಗ ಸವೆಯುತ್ತದೆ, ಇದು ಪಾಠ. ಎರಡೂ ಬದಿ ಅಚ್ಚಾಗುವ ಪುಸ್ತಕದಲ್ಲಿ ಹಿಂದಿನ ಪುಟದ ಗುಂಡಿ ಈ ಪುಟಕ್ಕೆ ಕಂಡರೆ ಓದುವುದು ಹೇಗೆ? ಅಂದರೆ ಆಗ ದೋಷ ಆಗಿದ್ದದ್ದು ಈಗ ಆಕರ್ಷಣೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ನುಣುಪು ಅಚ್ಚು ಈಗ ಎಲ್ಲ ಯಂತ್ರವೂ ಕೊಡುತ್ತದೆ, ಗುಂಡಿ ಕೊಡುವುದಿಲ್ಲ. ಜನ ಇಲ್ಲದ್ದನ್ನು ಹುಡುಕುತ್ತಾರೆ.

ಕನ್ನಡ ಅಕ್ಷರ ಕೆತ್ತಲು ಹೊರಟವರಿಗೆ ಒಂದು ಎಚ್ಚರಿಕೆ. ನಮ್ಮ ಅಕ್ಷರಗಳೆಲ್ಲ ದುಂಡು. ಲಿನೋದಲ್ಲಿ ನೇರ ಗೆರೆ ಸುಲಭ, ದುಂಡು ಕಷ್ಟ. ಉಳಿ ತಿರುಗಿಸಬೇಡಿ, ಹಲಗೆ ತಿರುಗಿಸಿ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಸಾಲುಗಳ ನಡುವೆ ಜಾಗ ಬಿಟ್ಟಿರಬೇಕು. ಎಲ್ಲಕ್ಕಿಂತ ಕಷ್ಟ ಮಹಾಪ್ರಾಣದ ಹೊಟ್ಟೆಸೀಳು. ಆ ಸಣ್ಣ ಕಡ್ಡಿ ಉಳಿಯ ತುದಿಗೆ ಸಿಕ್ಕಿ ಹಾರಿತು ಅಂದರೆ “ಧನ” ಹೋಗಿ “ದನ” ಆಗುತ್ತದೆ, ಅದೂ ಎಲ್ಲ ಪ್ರತಿಗಳಲ್ಲೂ. ಪಾರದರ್ಶಕ ಕಾಗದದಲ್ಲಿ ಬರೆದು, ಮಗುಚಿ ಹಾಕಿ, ತಿಕ್ಕಿ ಹಲಗೆಗೆ ಇಳಿಸಿಕೊಳ್ಳಿ. ಕೆತ್ತುವ ಮುಂಚೆ ಕನ್ನಡಿಯಲ್ಲಿ ಓದಿ ನೋಡಿ.

ನೀಲಿರೋಲರ್:

ಹಳೆಮೊಳೆ ಸರ್, ನಿಮ್ಮ ಕೊನೆಯ ಸಾಲನ್ನು ಬರೆದು ಗೋಡೆಗೆ ಅಂಟಿಸಿಕೊಂಡಿದ್ದೇನೆ.

ಬಣ್ಣದ ಬಗ್ಗೆ ಯಾರೂ ಮಾತಾಡಿಲ್ಲ. ಒಂದೇ ತಗಡು, ಒಂದೇ ಸಲ ಪ್ರೆಸ್ಸಿಗೆ ಬಿಟ್ಟು ಹಲವು ಬಣ್ಣ ತೆಗೆಯುವ ವಿಧಾನ ಇದೆ. ಪ್ಯಾರಿಸ್ಸಿನ ಅಟೆಲಿಯರ್ 17 ಅನ್ನುವ ಅಚ್ಚಿನ ಕಾರ್ಯಶಾಲೆಯಲ್ಲಿ ಅದರ ಸ್ಥಾಪಕ ಹೇಟರ್ ಜೊತೆ ಕೆಲಸ ಮಾಡುತ್ತಿದ್ದ ನಮ್ಮ ಕೃಷ್ಣಾ ರೆಡ್ಡಿಯವರು ಇದನ್ನು ರೂಪಿಸಿದವರಲ್ಲಿ ಮುಖ್ಯರು. ತಗಡನ್ನು ಬೇರೆ ಬೇರೆ ಆಳಕ್ಕೆ ಕೊರೆಯುವುದು. ಒಂದು ಮಸಿಗೆ ಎಣ್ಣೆ ಜಾಸ್ತಿ ಸೇರಿಸಿ ತೆಳು ಮಾಡುವುದು, ಇನ್ನೊಂದನ್ನು ಗಟ್ಟಿಯಾಗಿ ಇಡುವುದು. ತೆಳು ಮಸಿಯನ್ನು ಗಟ್ಟಿ ರಬ್ಬರಿನ ರೋಲರಿನಲ್ಲಿ ಆಡಿಸಿದರೆ ಅದು ಮೇಲಿನ ಮಟ್ಟಕ್ಕೆ ಮಾತ್ರ ತಾಗುತ್ತದೆ. ಆಮೇಲೆ ಗಟ್ಟಿ ಮಸಿಯನ್ನು ಮೆತ್ತನೆಯ ರೋಲರಿನಲ್ಲಿ ಆಡಿಸಿದರೆ ಅದು ತಗ್ಗಿಗೂ ಇಳಿಯುತ್ತದೆ. ಆದರೆ ಎಣ್ಣೆ ಇರುವ ಮೇಲಿನ ಜಾಗಕ್ಕೆ ಅಂಟುವುದಿಲ್ಲ. ಎರಡು ಬಣ್ಣ ಒಂದನ್ನೊಂದು ತಳ್ಳುತ್ತವೆ.

ಕಲ್ಲಚ್ಚಿನ ಹಿಂದಿರುವುದೂ ಇಂಥದೇ ಜಗಳ, ಎಣ್ಣೆಗೂ ನೀರಿಗೂ. 1790ರ ದಶಕದ ಕೊನೆಗೆ ಬವೇರಿಯಾದ ಸೆನೆಫೆಲ್ಡರ್ ಅಲ್ಲಿನ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಪೆನ್ಸಿಲ್ಲಿನಿಂದ ಬರೆದು, ಕಲ್ಲು ಒದ್ದೆ ಮಾಡಿ ಮಸಿ ಆಡಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಮಸಿ ಕೂರುತ್ತದೆ ಅಂತ ಕಂಡುಕೊಂಡ. ಕೆತ್ತನೆಯೇ ಇಲ್ಲ. ಇವತ್ತಿನ ಆಫ್‌ಸೆಟ್ ಪ್ರೆಸ್ ನಡೆಯುವುದೂ ಇದೇ ತತ್ವದ ಮೇಲೆ.

ಕಾಗದಹುಳು:

ನಾನು ಏನೂ ಕೆತ್ತುವುದಿಲ್ಲ. ನೋಡುವುದು, ಸಾಧ್ಯವಾದಾಗ ಸಂಗ್ರಹಿಸುವುದು ಅಷ್ಟೇ. ಪಿಕ್ಸೆಲ್‌ಪ್ರಿಯ ಅವರ ಪ್ರಶ್ನೆಗೆ ಒಂದು ಭೂತಗನ್ನಡಿ ಸಾಕು, ಹತ್ತು ಪಟ್ಟು ದೊಡ್ಡದು ಮಾಡುವಂಥದ್ದು.

ಆಫ್‌ಸೆಟ್ಟಿನಲ್ಲಿ ಅಚ್ಚಾದ ಚಿತ್ರದ ಮೇಲೆ ಇಟ್ಟರೆ ನಾಲ್ಕು ಬಣ್ಣದ ಚುಕ್ಕೆಗಳು ಸಾಲುಸಾಲಾಗಿ ಕಾಣುತ್ತವೆ. ಒಂದೊಂದು ಬಣ್ಣದ ಸಾಲೂ ಒಂದೊಂದು ಕೋನಕ್ಕೆ ತಿರುಗಿರುವುದರಿಂದ ಸಣ್ಣ ಸಣ್ಣ ಹೂವಿನಂಥ ಗುಂಪು ಮೂಡುತ್ತದೆ. ಇಂಕ್‌ಜೆಟ್ಟಿನಲ್ಲಿ ಸಾಲಿಲ್ಲ, ಎರಚಿದ ಹಾಗೆ ಚುಕ್ಕೆ ಚುಕ್ಕೆ. ಮರದಚ್ಚಿನಲ್ಲಿ ಗೆರೆಯ ಅಂಚು ನೋಡಿ, ಒತ್ತಡಕ್ಕೆ ಮಸಿ ಪಕ್ಕಕ್ಕೆ ಸರಿದು ಅಂಚಿನಲ್ಲಿ ಸ್ವಲ್ಪ ದಟ್ಟವಾದ ಗಡಿ ಇರುತ್ತದೆ. ಹಾಳೆಯ ಹಿಂದೆ ತಿಕ್ಕಿದ ಹೊಳಪೂ ಕಾಣಬಹುದು. ತಗಡಿನಚ್ಚಾದರೆ ದೀಪವನ್ನು ಪಕ್ಕದಿಂದ ಹಿಡಿಯಿರಿ, ಗೆರೆಗೆ ನೆರಳು ಬೀಳುತ್ತದೆ. ಕಲ್ಲಚ್ಚಿನಲ್ಲಿ ಎಲ್ಲ ಒಂದೇ ಮಟ್ಟ, ಕಲ್ಲಿನ ಸಣ್ಣ ಕಾಳಿನ ಗುರುತು ಮಾತ್ರ.

ಇಂಕ್‌ಜೆಟ್ ತೆಗೆದು ಮಾರುವುದರಲ್ಲಿ ನನಗೂ ತೊಂದರೆ ಇಲ್ಲ. ಬಣ್ಣದ ಚಿತ್ರವೊಂದರ ಸ್ಕ್ಯಾನನ್ನು ಪ್ರಿಂಟ್ ತೆಗೆದು, ಕೆಳಗೆ ಪೆನ್ಸಿಲ್ಲಿನಲ್ಲಿ 7/20 ಅಂತ ಬರೆದು, ಕೈಯಚ್ಚಿನ ಪಕ್ಕ ಅದೇ ಹೆಸರಿನಲ್ಲಿ ನೇತುಹಾಕುತ್ತಾರಲ್ಲ, ಅದು ಕಿರಿಕಿರಿ. 1960ರಲ್ಲಿ ವಿಯೆನ್ನಾದಲ್ಲಿ ಸೇರಿದ ಕಲಾವಿದರ ಅಂತರರಾಷ್ಟ್ರೀಯ ಸಮ್ಮೇಳನ ಇದನ್ನೇ ಚರ್ಚಿಸಿತ್ತು. ಎಷ್ಟು ಪ್ರತಿ ಅಂತ ಕಲಾವಿದರೇ ನಿರ್ಧರಿಸಬೇಕು, ಸಹಿ ಮತ್ತು ಸಂಖ್ಯೆ ಇರಬೇಕು ಅನ್ನುವ ರೂಢಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಅಂದಹಾಗೆ 7/20 ಅಂದರೆ ಏಳನೆಯದಾಗಿ ಪ್ರೆಸ್ಸಿನಿಂದ ಹೊರಬಂದದ್ದು ಅಂತಲೇ ಆಗಬೇಕಿಲ್ಲ. ಒಣಹಾಕಿದ ಹಾಳೆಗಳು ಕಲೆತಿರುತ್ತವೆ. ಸಣ್ಣ ಸಂಖ್ಯೆ ಸಿಕ್ಕಿತು ಅಂತ ಬೀಗಬೇಡಿ.

ಪಿಕ್ಸೆಲ್‌ಪ್ರಿಯ:

ಭೂತಗನ್ನಡಿ ತರಿಸಿಕೊಂಡೆ. ಮನೆಯ ಗೋಡೆಯ ಮೇಲಿದ್ದ “ಮರದಚ್ಚು” ಹೂವಿನ ಗುಂಪಾಗಿ ಹೊರಟಿತು. ಥ್ಯಾಂಕ್ಸ್ ಅನ್ನಲೋ ಬೈಯಲೋ ಗೊತ್ತಾಗುತ್ತಿಲ್ಲ.

ನನ್ನ ಪ್ರಶ್ನೆ ಇನ್ನೂ ಇದೆ. ರಿಸೋಗ್ರಾಫ್ ಯಾವ ಕಡೆ ಸೇರುತ್ತದೆ? ಅದು ಯಂತ್ರ, 1980ರ ದಶಕದಲ್ಲಿ ಕಚೇರಿಗಳ ನೋಟಿಸು, ಶಾಲೆಗಳ ಪ್ರಶ್ನೆಪತ್ರಿಕೆಗೆ ಬಂದದ್ದು. ಆದರೆ ಒಳಗೆ ನಡೆಯುವುದು ಸ್ಕ್ರೀನ್ ಪ್ರಿಂಟೇ. ತೆಳು ಹಾಳೆಯಲ್ಲಿ ತೂತು ಕೊರೆದು, ಡ್ರಮ್ಮಿಗೆ ಸುತ್ತಿ, ತೂತಿನಿಂದ ಇಂಕು ದೂಡುತ್ತದೆ. ಒಂದು ಬಣ್ಣಕ್ಕೆ ಒಂದು ಡ್ರಮ್. ಎರಡನೇ ಬಣ್ಣಕ್ಕೆ ಹಾಳೆಯನ್ನು ಮತ್ತೆ ಹಾಕುವಾಗ ಕೂದಲೆಳೆಯಷ್ಟು ಅತ್ತಿತ್ತ ಆಗೇ ಆಗುತ್ತದೆ. ನಾನು ಅದರಲ್ಲಿ ಪುಟ್ಟ ಪತ್ರಿಕೆ ಮಾಡುತ್ತೇನೆ. ಬಣ್ಣ ಸ್ವಲ್ಪ ಜಾರಿದರೆ ಎಲ್ಲರಿಗೂ ಇಷ್ಟ. ಕೈಯಚ್ಚಿನ ಸೊಗಸು ಅಂದರೆ ಕೊನೆಗೆ ಈ ಸಣ್ಣಪುಟ್ಟ ತಪ್ಪುಗಳೇ ಅಲ್ವಾ? ಈಗ ಸಾಫ್ಟ್‌ವೇರಿನಲ್ಲೇ ಬಣ್ಣ ಜಾರಿಸುವ ಬಟನ್ ಕೂಡ ಇದೆ.

ಉಳಿಪೆಟ್ಟು:

ಇದನ್ನು ಮಾತ್ರ ಒಪ್ಪುವುದಿಲ್ಲ. ಅಚ್ಚು ಹಾಕುವ ಯಾರನ್ನಾದರೂ ಕೇಳಿ, ಬಣ್ಣ ಜಾರಿದ ಹಾಳೆಯನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಜಪಾನಿನವರು ಹಲಗೆಯ ಮೂಲೆಯಲ್ಲೇ ಕೆಂತೋ ಅಂತ ಎರಡು ಗುರುತು ಕೆತ್ತುತ್ತಿದ್ದರು, ಕಾಗದದ ಮೂಲೆ ಮತ್ತು ಅಂಚು ಅಲ್ಲೇ ಕೂರಬೇಕು ಅಂತ. ಹತ್ತಕ್ಕೂ ಹೆಚ್ಚು ಬಣ್ಣ ಒಂದರ ಮೇಲೊಂದು ಸರಿಯಾಗಿ ಬೀಳುತ್ತಿದ್ದವು. ಅವರು ತಪ್ಪು ಮಾಡಲು ಕೂತಿರಲಿಲ್ಲ. ಎಲ್ಲ ಪ್ರತಿಯೂ ಒಂದೇ ಥರ ಬರಲಿ ಅಂತ ಪ್ರಾಣ ಬಿಡುತ್ತಿದ್ದರು. ಆ ಪ್ರಯತ್ನ ಪೂರ್ತಿ ಗೆಲ್ಲುವುದಿಲ್ಲ ಅನ್ನುವುದು ಬೇರೆ ಮಾತು. ನನಗೆ ಹಿಡಿಸುವುದು ಪ್ರಯತ್ನ, ಸೋಲಲ್ಲ. ಬಟನ್ ಒತ್ತಿ ಸೋಲು ತಂದರೆ ಅದರಲ್ಲಿ ಏನಿದೆ?

ತಗಡು_ಆಸಿಡ್:

ಉಳಿಪೆಟ್ಟು ಸರ್, ಎಲ್ಲರೂ ಒಂದೇ ಥರ ಬರಲಿ ಅಂತ ಕೂತಿರಲಿಲ್ಲ. ಡಚ್ಚರ ಹರ್ಕ್ಯುಲಿಸ್ ಸೇಘರ್ಸ್ ನೋಡಿ, ರೆಂಬ್ರಾಂಟ್‌ಗಿಂತ ಹಿರಿಯ. ಒಂದೇ ತಗಡನ್ನು ಒಮ್ಮೆ ನೀಲಿ ಮಸಿಯಲ್ಲಿ, ಒಮ್ಮೆ ಹಸಿರಿನಲ್ಲಿ, ಒಮ್ಮೆ ಬಣ್ಣ ಬಳಿದ ಕಾಗದದ ಮೇಲೆ, ಒಮ್ಮೆ ಬಟ್ಟೆಯ ಮೇಲೆ ತೆಗೆಯುತ್ತಿದ್ದ. ಆಮೇಲೆ ಅದರ ಮೇಲೆ ಕುಂಚ ಆಡಿಸುತ್ತಿದ್ದ, ಬೇಕಾದಲ್ಲಿ ಕತ್ತರಿಸುತ್ತಿದ್ದ. ಎರಡು ಪ್ರತಿ ಒಂದೇ ಥರ ಇಲ್ಲ. ಅವನಿಗೆ ತಗಡು ಒಂದು ಶುರು ಮಾತ್ರ.

ಉಳಿಪೆಟ್ಟು:

ಅವನು ಬೇಕೂಂತ ಬದಲಾಯಿಸಿದ. ಜಾರಿದ್ದನ್ನು ಬದಲಾಯಿಸಿದ್ದು ಅಂತ ಮಾರಲಿಲ್ಲ. ನನ್ನ ಮಾತು ಅಲ್ಲೇ ಇದೆ.

ಮಸಿಬೆರಳು:

ಇಬ್ಬರೂ ಒಂದೇ ಕಡೆ ನಿಂತು ಜಗಳ ಆಡುತ್ತಿದ್ದೀರಿ ಅನ್ನಿಸುತ್ತದೆ. ಸೇಘರ್ಸ್‌ನ ನೀಲಿ ಪ್ರತಿ ಮೂಲವೋ, ಹಸಿರು ಮೂಲವೋ? ಎರಡೂ. ನಾನು ಶುರುವಿನಲ್ಲಿ ಹೇಳಲು ಹೊರಟದ್ದಕ್ಕೆ ಅವನು ನನಗಿಂತ ಒಳ್ಳೆಯ ಉದಾಹರಣೆ.

ಪಿಕ್ಸೆಲ್‌ಪ್ರಿಯ ಅವರ ರಿಸೋ ಪತ್ರಿಕೆಯನ್ನು ನಾನಂತೂ ಈ ಕಡೆಗೇ ಸೇರಿಸುತ್ತೇನೆ. ಪರದೆಯ ಮೇಲೆ ನೋಡಿದ್ದು ಒಂದು, ಡ್ರಮ್ಮಿನಿಂದ ಬಂದದ್ದು ಇನ್ನೊಂದು. ಗುಲಾಬಿ ಮೇಲೆ ನೀಲಿ ಬಿದ್ದು ಆಗುವ ನೇರಳೆ ಪರದೆಯಲ್ಲಿ ಎಲ್ಲೂ ಇರುವುದಿಲ್ಲ, ಕಾಗದದಲ್ಲೇ ಆಗಬೇಕು. ಯಂತ್ರ ಇದ್ದರೆ ಇರಲಿ ಬಿಡಿ. ಹಳೆಮೊಳೆ ಸರ್ ಪ್ರೆಸ್ಸೂ ಯಂತ್ರವೇ.

ಪಿಕ್ಸೆಲ್‌ಪ್ರಿಯ:

ಆ ನೇರಳೆಯ ಮಾತು ಒಪ್ಪಿದೆ. ಗ್ರಾಹಕರಿಗೆ ಪರದೆಯಲ್ಲಿ ತೋರಿಸಿ “ಹೀಗೇ ಬರುತ್ತಾ?” ಅಂತ ಕೇಳಿದಾಗ ನಾನು ಕೊಡುವ ಉತ್ತರವೂ “ಬರಲ್ಲ, ಇನ್ನೂ ಚೆನ್ನಾಗಿ ಬರುತ್ತೆ” ಅಂತಲೇ. ಇಪ್ಪತ್ತಕ್ಕೆ ನಿಲ್ಲಿಸುವ ವಿಷಯದಲ್ಲಿ ಮಾತ್ರ ನಾನು ವಜ್ರಸೂತ್ರದ ಪಕ್ಷ. ನನ್ನ ಪತ್ರಿಕೆಗೆ ಸಂಖ್ಯೆ ಹಾಕುವುದಿಲ್ಲ, ಖಾಲಿಯಾದರೆ ಮತ್ತೆ ತೆಗೆಯುತ್ತೇನೆ.

ಹಳೆಮೊಳೆ:

ಹಾಗೇ ಮಾಡಿ. ಇಂಕು ಪೂರ್ತಿ ಒಣಗುವುದಿಲ್ಲ ಅಂತ ಓದುವವರಿಗೆ ಒಂದು ಮಾತು ಹೇಳಿಬಿಡಿ, ಬಿಳಿ ಅಂಗಿ ಹಾಕಿಕೊಂಡು ಓದುವವರು ಇರುತ್ತಾರೆ.

ಹೊಸಬ:

ಮಸಿಬೆರಳು ಮೇಡಂ, ತೆಳು ಕಾಗದಕ್ಕೆ ಬದಲಾಯಿಸಿದೆ, ಉಪ್ಪು ಹೋಯಿತು! ರೋಲರಿನ ಸದ್ದೂ ಗೊತ್ತಾಗತೊಡಗಿದೆ. ಈಗ ಆಸೆ ಜಾಸ್ತಿಯಾಗಿದೆ. ಎರಡು ಬಣ್ಣ, ಹಳದಿ ಮತ್ತು ನೀಲಿ, ಎರಡು ಬೇರೆ ತುಂಡು. ನೀಲಿ ಸರಿಯಾದ ಜಾಗಕ್ಕೆ ಬೀಳುವ ಹಾಗೆ ಮಾಡುವುದು ಹೇಗೆ? ಪ್ರೆಸ್ ಈಗಲೂ ಇಲ್ಲ.

ಉಳಿಪೆಟ್ಟು:

ಪ್ರೆಸ್ ಬೇಡ. ಒಂದು ರಟ್ಟು ತೆಗೆದುಕೊಳ್ಳಿ. ಎರಡೂ ಲಿನೋ ತುಂಡುಗಳು ಒಂದೇ ಅಳತೆಯಲ್ಲಿರಲಿ, ಮೂಲೆಗಳು ನೆಟ್ಟಗಿರಲಿ. ರಟ್ಟಿನ ಮೇಲೆ ಲಿನೋ ಕೂರುವ ಮೂಲೆಗೆ ಎರಡು ಪಟ್ಟಿ ಅಂಟಿಸಿ, ಪಟ್ಟಿಯ ದಪ್ಪ ಲಿನೋದಷ್ಟೇ ಇರಬೇಕು. ಅದಕ್ಕಿಂತ ಆಚೆ ಕಾಗದದ ಮೂಲೆಗೂ ಒಂದು ಅಂಚಿಗೂ ಹಾಗೇ ಎರಡು ತೆಳು ಪಟ್ಟಿ. ಪ್ರತಿ ಸಲ ಲಿನೋ ಅದರ ಮೂಲೆಗೆ ತಾಗಿಸಿ, ಕಾಗದವನ್ನು ಮೊದಲು ಮೂಲೆಗೆ, ಆಮೇಲೆ ಅಂಚಿಗೆ ಕೂರಿಸಿ, ನಿಧಾನವಾಗಿ ಇಳಿಬಿಡಿ. ಎಲ್ಲ ಹಾಳೆಗೂ ಅದೇ ಮೂಲೆ ಬಳಸಿ. ಹಿಂದೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡರೆ ತಿರುಗುಮುರುಗಾಗುವುದಿಲ್ಲ.

ಇನ್ನೊಂದು ಉಪಾಯ: ನೀಲಿ ತುಂಡನ್ನು ಕೆತ್ತಿ ಮುಗಿಸಿ, ಅದರದ್ದೇ ಒಂದು ಒದ್ದೆ ಅಚ್ಚನ್ನು ಎರಡನೇ ಖಾಲಿ ಲಿನೋ ಮೇಲೆ ಇಳಿಸಿ, ಇದೇ ರಟ್ಟಿನ ಸಹಾಯದಿಂದ. ಹಳದಿ ಎಲ್ಲೆಲ್ಲಿ ಬೇಕು ಅಂತ ಅದರ ಮೇಲೇ ಕಾಣುತ್ತದೆ. ಕೆತ್ತನೆ ತಪ್ಪುವ ಪ್ರಶ್ನೆ ಇಲ್ಲ.

ಅಚ್ಚು ಹಾಕುವಾಗ ಮೊದಲು ಹಳದಿ, ಆಮೇಲೆ ನೀಲಿ. ತಿಳಿ ಬಣ್ಣ ಕೆಳಗೆ, ಗಾಢ ಬಣ್ಣ ಮೇಲೆ. ಎಣ್ಣೆ ಮಸಿ ಆದರೆ ಕೆಲವು ದಿನ ಒಣಗಲು ಬಿಡಿ. ಬೆರಳಿಗೆ ಅಂಟದಿರುವ ತನಕ ನೀಲಿ ಡಬ್ಬಿಯ ಮುಚ್ಚಳ ತೆಗೆಯಬೇಡಿ. ಹತ್ತು ಬೇಕಾದರೆ ಹದಿನಾಲ್ಕು ಹಳದಿ ತೆಗೆದಿಟ್ಟುಕೊಳ್ಳಿ.